ಐಎನ್‌ಎ226 ಜೊತೆ ಎರಡೂವರೆ ವರ್ಷ: ಡಿವೈಡರ್ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ನನ್ನ ಎಲೆಕ್ಟ್ರಿಕ್ ಸೈಕಲ್ಲಿನ ಬ್ಯಾಟರಿ ಮೇಲೆ ‘36 ವೋಲ್ಟ್’ ಅಂತ ಬರೆದಿದೆ. ಕರೆಂಟ್ ಅಳೆಯುವ ಐಎನ್‌ಎ226 ಚಿಪ್ಪಿನ ಅಳತೆಯ ಮಿತಿಯೂ 36 ವೋಲ್ಟ್. ಸರಿಯಾದ ಜೋಡಿ ಅಂದುಕೊಂಡು ನೇರವಾಗಿ ಹಾಕಿದೆ. ಅದು ಹತ್ತು ಸೆಲ್ಲಿನ ಬ್ಯಾಟರಿ. ಪೂರ್ತಿ ಚಾರ್ಜ್ ಆದಾಗ ಒಂದೊಂದು ಸೆಲ್ 4.2 ವೋಲ್ಟ್, ಒಟ್ಟು 42. ಚಿಪ್ಪು ಸುಡದೆ ತಾಳುವುದು ಹೆಚ್ಚೆಂದರೆ 40. ಡೇಟಾಶೀಟಿನಲ್ಲಿ (ಚಿಪ್ಪಿನ ಕಂಪನಿ ಕೊಡುವ ವಿವರಪತ್ರ) ಇದು ಸ್ಪಷ್ಟವಾಗೇ ಇದೆ. ನಾನು ಓದಿದ್ದು ಮಾತ್ರ ಚಿಪ್ಪು ಸುಟ್ಟ ಮೇಲೆ.

ಎರಡನೇ ಚಿಪ್ಪಿಗೆ ‘ಬುದ್ಧಿವಂತಿಕೆ’ ಮಾಡಿದೆ. ಕರೆಂಟ್ ಹರಿದಾಗ ಪುಟ್ಟ ವೋಲ್ಟೇಜ್ ಕೊಡುವ ರೆಸಿಸ್ಟರಿಗೆ ಶಂಟ್ ಅಂತಾರೆ, ಆ ವೋಲ್ಟೇಜನ್ನು ನೋಡಿಯೇ ಚಿಪ್ಪು ಕರೆಂಟ್ ಅಳೆಯುವುದು. ನನ್ನ ಶಂಟ್ ಬ್ಯಾಟರಿಯ ಪಾಸಿಟಿವ್ ತಂತಿಯಲ್ಲಿತ್ತು. ಅದರ ಎರಡೂ ತುದಿಯಿಂದ ಚಿಪ್ಪಿಗೆ ಬರುವ ದಾರಿಯಲ್ಲಿ ಒಂದೊಂದು ಡಿವೈಡರ್ (ವೋಲ್ಟೇಜನ್ನು ಹಂಚಿಕೊಳ್ಳುವ ಎರಡು ರೆಸಿಸ್ಟರುಗಳ ಜೋಡಿ) ಹಾಕಿ ವೋಲ್ಟೇಜನ್ನು ಅರ್ಧಕ್ಕೆ ಇಳಿಸಿದೆ. 42 ಹೋಗಿ 21 ಆಯ್ತು, ಚಿಪ್ಪು ಸುರಕ್ಷಿತ. ಆದರೆ ಮೋಟರ್ ನಿಂತೇ ಇದೆ, ಪರದೆ ಮೇಲೆ 40 ಆಂಪಿಯರ್!

ಲೆಕ್ಕ ಹಾಕಿದಾಗ ಗೊತ್ತಾಯ್ತು. ನನ್ನದು 50 ಆಂಪಿಯರಿಗೆ 75 ಮಿಲಿವೋಲ್ಟ್ ಕೊಡುವ ಶಂಟ್, ಅಂದರೆ 1.5 ಮಿಲಿಓಮ್. 10 ಆಂಪಿಯರ್ ಹರಿದರೆ 15 ಮಿಲಿವೋಲ್ಟ್. ಡಿವೈಡರ್ ಅದನ್ನೂ ಅರ್ಧ ಮಾಡುತ್ತೆ, ಉಳಿಯುವುದು 7.5. ಈಗ ರೆಸಿಸ್ಟರುಗಳ ಕಡೆ ಬನ್ನಿ. 1 ಪರ್ಸೆಂಟಿನ (ಅಂದರೆ ಬೆಲೆ ಅಷ್ಟು ಹೆಚ್ಚುಕಡಿಮೆ ಇರಬಹುದಾದ) ರೆಸಿಸ್ಟರುಗಳಾದರೆ ಎರಡು ಡಿವೈಡರುಗಳ ನಡುವೆ 420 ಮಿಲಿವೋಲ್ಟಿನವರೆಗೆ ವ್ಯತ್ಯಾಸ ಬರಬಹುದು. ನನ್ನ ಅದೃಷ್ಟಕ್ಕೆ 30 ಮಾತ್ರ ಬಂದಿತ್ತು. ಅದೇ ಆ 40 ಆಂಪಿಯರ್. ದುಬಾರಿ 0.1 ಪರ್ಸೆಂಟಿನವು ಹಾಕಿದರೂ 42 ಮಿಲಿವೋಲ್ಟಿನ ಅಪಾಯ ಇದ್ದೇ ಇದೆ.

ಸಾಫ್ಟ್‌ವೇರಿನಲ್ಲಿ 40 ಕಳೆದುಬಿಟ್ಟರೆ ಆಯ್ತಲ್ವಾ ಅನ್ನಿಸಿತು. ಕಳೆದೆ. ಬ್ಯಾಟರಿ 33 ವೋಲ್ಟಿಗೆ ಇಳಿದಾಗ ನಿಂತ ಸೈಕಲ್ಲು ಬ್ಯಾಟರಿಗೇ 8-9 ಆಂಪಿಯರ್ ವಾಪಸ್ ಕೊಡುತ್ತಿದೆ ಅಂತ ತೋರಿಸಿತು. ತಪ್ಪಿನ ಪ್ರಮಾಣ ಬ್ಯಾಟರಿಯ ವೋಲ್ಟೇಜಿನ ಜೊತೆಗೇ ಏರಿಳಿಯುತ್ತೆ. ರೆಸಿಸ್ಟರ್ ಬಿಸಿಯಾದರೆ ಬರುವ ತಪ್ಪು ಬೇರೆ. ಶಂಟಿನ ಪಿನ್ನುಗಳಿಗೆ ಡಿವೈಡರ್ ಹಾಕುವ ಆಸೆಯನ್ನು ಅಲ್ಲಿಗೇ ಬಿಟ್ಟೆ.

ಈ ಚಿಪ್ಪಿನಲ್ಲಿ ನನಗೆ ಇಷ್ಟವಾದದ್ದು ಒಂದಿದೆ: ವೋಲ್ಟೇಜ್ ಅಳೆಯಲು ಬೇರೆಯದೇ ಪಿನ್ ಕೊಟ್ಟಿದ್ದಾರೆ. ಐಎನ್‌ಎ219ರಲ್ಲಿ ಅದಿಲ್ಲ, ಶಂಟಿನ ಒಂದು ಪಿನ್ನಿನಲ್ಲೇ ವೋಲ್ಟೇಜನ್ನೂ ನೋಡುತ್ತೆ. ಹಾಗಾಗಿ ಶಂಟನ್ನು ನೆಗೆಟಿವ್ ತಂತಿಗೆ ಸಾಗಿಸಿದೆ. ಅಲ್ಲಿ ಗ್ರೌಂಡಿಗೆ ಹೋಲಿಸಿದರೆ ಕೆಲವೇ ಮಿಲಿವೋಲ್ಟ್, ಚಿಪ್ಪಿಗೆ ಯಾವ ಭಯವೂ ಇಲ್ಲ. ಡಿವೈಡರ್ ಬಂದದ್ದು ವೋಲ್ಟೇಜ್ ಪಿನ್ನಿಗೆ ಮಾತ್ರ.

ಅಲ್ಲೂ ಒಂದು ಏಟು ತಿಂದೆ. ಸುಮ್ನೆ ಕರೆಂಟ್ ಯಾಕೆ ಪೋಲು ಅಂತ ಎರಡೂ ಕಡೆ 100 ಕಿಲೋಓಮ್ ಹಾಕಿದ್ದೆ. ಮಲ್ಟಿಮೀಟರಿನಲ್ಲಿ 42, ಪರದೆ ಮೇಲೆ 39.6. ಆ ಪಿನ್ನಿಗೆ ಒಳಗಡೆಯೇ ಸುಮಾರು 830 ಕಿಲೋಓಮ್ ಇದೆ, ಅದು ಕೆಳಗಿನ ರೆಸಿಸ್ಟರಿಗೆ ಸಮಾಂತರವಾಗಿ ಕೂರುತ್ತೆ. 10 ಕಿಲೋಓಮ್ ಹಾಕಿದ ಮೇಲೆ ತಪ್ಪು 0.6 ಪರ್ಸೆಂಟಿಗೆ ಇಳಿಯಿತು, ಉಳಿದದ್ದನ್ನು ಮಲ್ಟಿಮೀಟರ್ ನೋಡಿ ಸಾಫ್ಟ್‌ವೇರಿನಲ್ಲಿ ಸರಿಮಾಡಿದೆ. ಆದರೆ ಈಗ ಡಿವೈಡರಿನಲ್ಲೇ 2.1 ಮಿಲಿಆಂಪಿಯರ್ ಹರಿಯುತ್ತೆ, ದಿನಕ್ಕೆ 50 ಮಿಲಿಆಂಪಿಯರ್-ಅವರ್. ಸೈಕಲ್ಲನ್ನು ತಿಂಗಳುಗಟ್ಟಲೆ ಮುಟ್ಟದವರು ಡಿವೈಡರನ್ನು ಸ್ವಿಚ್ಚಿನ ಆಚೆ ಇಡಿ. ಇನ್ನೊಂದು: ಕೆಳಗಿನ ರೆಸಿಸ್ಟರಿನ ಸೋಲ್ಡರ್ ಬಿಟ್ಟುಹೋದರೆ ಪೂರ್ತಿ ವೋಲ್ಟೇಜು ಪಿನ್ನಿಗೆ ನುಗ್ಗುತ್ತೆ. ಅಲ್ಲೊಂದು 33 ವೋಲ್ಟಿನ ಜೀನರ್ (ವೋಲ್ಟೇಜ್ ಅದಕ್ಕಿಂತ ಮೇಲೇರದಂತೆ ತಡೆಯುವ ಡಯೋಡ್) ಹಾಕಿದ್ದೇನೆ. ಚಿಪ್ಪು ತಾನೇ ಲೆಕ್ಕ ಹಾಕಿ ಕೊಡುವ ವಾಟ್ ಕೂಡ ಅರ್ಧವೇ ಬರುತ್ತೆ, ಎರಡರಿಂದ ಗುಣಿಸಲು ಮರೆಯಬೇಡಿ.

ಚಿಪ್ಪನ್ನು ಕೂರಿಸಿ ಮಾರುವ ಪುಟ್ಟ ಬೋರ್ಡಿನ, ಅಂದರೆ ಮಾಡ್ಯೂಲಿನ, ಮೇಲೇ ಇರುವ 0.1 ಓಮಿನ ಚಿಕ್ಕ ಶಂಟನ್ನು ಕಿತ್ತುಹಾಕಿ. ಅದರಲ್ಲಿ ಅಳೆಯಬಹುದಾದದ್ದು ಬರೀ 0.8 ಆಂಪಿಯರ್. ಹಾಗೇ ಬಿಟ್ಟು ಹೊರಗಿನ ಶಂಟ್ ಸೇರಿಸಿದರೆ ಎಲ್ಲ ಅಳತೆಯೂ ಒಂದೂವರೆ ಪರ್ಸೆಂಟ್ ಕಡಿಮೆ ಬರುತ್ತೆ.

ನೆಗೆಟಿವ್ ಕಡೆಯ ಶಂಟಿನ ನಿಜವಾದ ಕಾಟ ನನಗೆ ಆರು ತಿಂಗಳಾದ ಮೇಲೆ ಸಿಕ್ಕಿತು. ವೇಗ ಓದಲು ಮೋಟರ್ ಕಂಟ್ರೋಲರಿನಿಂದ ನನ್ನ ಬೋರ್ಡಿಗೆ ಎರಡು ತಂತಿ ಎಳೆದೆ, ಒಂದು ಗ್ರೌಂಡ್. ಅವತ್ತಿನಿಂದ ಕರೆಂಟ್ ಸುಮಾರು 3 ಪರ್ಸೆಂಟ್ ಕಡಿಮೆ. ಶಂಟನ್ನು ಬಿಟ್ಟು ಆ ತೆಳು ತಂತಿಯಲ್ಲೂ ಒಂದಿಷ್ಟು ಕರೆಂಟ್ ಕಳ್ಳದಾರಿ ಹಿಡಿದಿತ್ತು. ಇದನ್ನು ಹುಡುಕಲು ಎರಡು ಭಾನುವಾರ ಹೋದವು. ಆಪ್ಟೋಕಪ್ಲರ್ (ತಂತಿಯ ಸಂಪರ್ಕವಿಲ್ಲದೆ ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಭಾಗ) ಹಾಕಿದ ಮೇಲೆ ಸರಿಹೋಯಿತು.

ಇಷ್ಟೆಲ್ಲ ಆದ ಮೇಲೂ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಈ ಶಂಟಿನಲ್ಲಿ 1.7 ಮಿಲಿಆಂಪಿಯರಿನ ಮೆಟ್ಟಿಲುಗಳಲ್ಲಿ ಅಳೆಯುತ್ತೆ, ಸೈಕಲ್ಲಿಗೆ ಬೇಕಾದದ್ದಕ್ಕಿಂತ ಜಾಸ್ತಿಯೇ. ಮೂರನೇ ಚಿಪ್ಪು ಇವತ್ತಿಗೂ ಓಡುತ್ತಿದೆ.

ಆದರೆ ಹೊಸದಾಗಿ ಶುರು ಮಾಡುವವರು, ಅದರಲ್ಲೂ 48 ವೋಲ್ಟಿನ ಬ್ಯಾಟರಿ ಇರುವವರು, ಈ ಪಾಡು ಪಡಬೇಕಿಲ್ಲ. ಐಎನ್‌ಎ228 ತಗೊಳ್ಳಿ. ಅದು 85 ವೋಲ್ಟ್ ತಾಳುತ್ತೆ, ಶಂಟ್ ಪಾಸಿಟಿವ್ ತಂತಿಯಲ್ಲೇ ಇರಬಹುದು, ಡಿವೈಡರ್ ಬೇಕಾಗಿಲ್ಲ. ಎಷ್ಟು ಚಾರ್ಜ್ ಖರ್ಚಾಯಿತು ಅನ್ನುವುದನ್ನೂ ತಾನೇ ಕೂಡಿಸಿಡುತ್ತೆ. ಎರಡನೇ ಸೈಕಲ್ಲಿಗೆ ನಾನು ಅದನ್ನೇ ಹಾಕಿದ್ದು, ಒಂದೇ ಸಂಜೆಯಲ್ಲಿ ಕೆಲಸ ಮುಗಿಯಿತು.