ಬೇರುಗಳ ಕವಲಿನಲ್ಲಿ ಕರಗಿದ ಮೂಳೆ: ಕಾಲೇಜು ಆಸ್ಪತ್ರೆಯೊಂದರ ಒಸಡು ವಿಭಾಗದ ಅನುಭವ

ನನ್ನ ಕೆಳದವಡೆಯ ಮೊದಲ ದವಡೆ ಹಲ್ಲಿನ ಪಕ್ಕದಲ್ಲಿ ಆಗಾಗ ಕೀವು ಕಟ್ಟಿ ಒಡೆಯುತ್ತಿತ್ತು. ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಎರಡು ಸಲ ಮಾತ್ರೆ ಬರೆದುಕೊಟ್ಟು, ಮೂರನೆಯ ಸಲ ಕೀಳಿಸಿ ಇಂಪ್ಲಾಂಟ್ ಹಾಕಿಸಿಕೊಳ್ಳಿ ಎಂದರು. ಅದಕ್ಕೆ ಮನಸ್ಸು ಒಪ್ಪದೆ ನಮ್ಮೂರಿನ ದಂತ ವೈದ್ಯಕೀಯ ಕಾಲೇಜಿನ ಒಸಡು ವಿಭಾಗಕ್ಕೆ ಹೋದೆ.

ಅಲ್ಲಿ ನನಗೆ ಹಿಡಿಸಿದ್ದು ಅವರ ಅಳತೆ. ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಕುಡುಗೋಲಿನಂತೆ ಬಾಗಿದ, 3 ಮಿ.ಮೀ.ಗೊಂದು ಗುರುತಿರುವ ನೇಬರ್ಸ್ ಪ್ರೋಬ್ ಎಂಬ ಕಡ್ಡಿಯನ್ನು ಒಸಡಿನಡಿ ತೂರಿಸಿ, ಎರಡು ಬೇರುಗಳು ಕವಲೊಡೆಯುವ ಜಾಗವನ್ನು ನಿಧಾನವಾಗಿ ತಡಕಿದರು. ಕಡ್ಡಿ 3 ಮಿ.ಮೀ. ದಾಟಿ ಒಳಹೋಯಿತು, ಆದರೆ ನಾಲಗೆಯ ಕಡೆಗೆ ತೂರಿ ಬರಲಿಲ್ಲ. ಆದ್ದರಿಂದ ಕವಲಿನಲ್ಲಿ ಮೂಳೆ ಕರಗಿರುವುದು ಎರಡನೆಯ ದರ್ಜೆ ಎಂದು ಬರೆದುಕೊಂಡರು. ಕೆಳದವಡೆಯಲ್ಲಿ ಈ ದರ್ಜೆಯಾದರೆ ಮೂಳೆಪುಡಿ ತುಂಬಿ ಪೊರೆ ಹೊದಿಸಿ ಮೂಳೆ ಮತ್ತೆ ಬೆಳೆಸಲು ಪ್ರಯತ್ನಿಸಬಹುದು, ಒಂದು ಬದಿಯಿಂದ ಇನ್ನೊಂದು ಬದಿಗೆ ತೂತು ಬಿದ್ದಿದ್ದರೆ ಮಾತ್ರ ಒಂದು ಬೇರನ್ನು ಕತ್ತರಿಸಿ ತೆಗೆಯುವುದೋ, ಬ್ರಷ್ ಹೋಗುವಂತೆ ಸುರಂಗ ಬಿಡಿಸುವುದೋ, ಹಲ್ಲನ್ನೇ ಕೀಳುವುದೋ ಉಳಿಯುತ್ತದೆ ಎಂದು ಪ್ರಾಧ್ಯಾಪಕರು ಚೀಟಿಯ ಹಿಂದೆ ಚಿತ್ರ ಬರೆದು ತಿಳಿಸಿದರು. ಪೂರ್ತಿ ತುಂಬೀತು ಎಂಬ ಭರವಸೆಯನ್ನು ಅವರು ಕೊಡಲಿಲ್ಲ, ನನಗೆ ನಂಬಿಕೆ ಹುಟ್ಟಿದ್ದು ಅದರಿಂದಲೇ.

ಹಿಂದೆ ಮಾಡಿಸಿದ ಕ್ಲೀನಿಂಗ್ ಏಕೆ ಫಲಿಸಲಿಲ್ಲ ಎಂದು ಕೇಳಿದಾಗ, ಕವಲಿನ ಬಾಯಿ ಬಹಳ ಹಲ್ಲುಗಳಲ್ಲಿ 1 ಮಿ.ಮೀ.ಗಿಂತಲೂ ಕಿರಿದಾಗಿದ್ದು, ಕಿಟ್ಟ ಕೆರೆಯುವ ಕ್ಯುರೆಟ್ಟಿನ ಅಲಗು ಅಲ್ಲಿ ಹಿಡಿಸುವುದಿಲ್ಲ ಎಂದರು. ಸಕ್ಕರೆ ಪರೀಕ್ಷೆ ಮಾಡಿಸಿ, ಆಳದ ಸ್ಕೇಲಿಂಗ್ ಮುಗಿಸಿ, ಆರು ವಾರ ಬಿಟ್ಟು ಮತ್ತೆ ಅಳೆದ ಮೇಲೆಯೇ ಒಸಡು ಬಿಡಿಸುವ ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟರು. ಮರಗಟ್ಟಿಸಿದ್ದರಿಂದ ನೋವು ತಿಳಿಯಲಿಲ್ಲ; ಬೇರು ಕೆರೆಯುವ ಸದ್ದು ಮಾತ್ರ ಸ್ಲೇಟಿನ ಮೇಲೆ ಬಳಪ ಗೀಚಿದಂತೆ ತಲೆಯೊಳಗೇ ಕೇಳುತ್ತಿತ್ತು.

ದೂರುಗಳೂ ಇವೆ. ಚೀಟಿ, ಎಕ್ಸ್-ರೇ, ಹಣ ಕಟ್ಟುವುದು ಎಂದು ಪ್ರತಿ ಭೇಟಿಗೂ ಅರ್ಧ ದಿನ ಹೋಗುತ್ತದೆ. ಗಾಯ ಮುಚ್ಚಲೆಂದು ಹೊಲಿಗೆಯ ಮೇಲೆ ಮೆತ್ತಿದ್ದ ಗುಲಾಬಿ ಬಣ್ಣದ ಪ್ಯಾಕ್ ಮೂರನೆಯ ರಾತ್ರಿ ಕಳಚಿ ಕೈಗೆ ಬಂದಾಗ, ಕೊಟ್ಟಿದ್ದ ದೂರವಾಣಿಯನ್ನು ಯಾರೂ ಎತ್ತಲಿಲ್ಲ. ಬಾಯಿ ಮುಕ್ಕಳಿಸಲು ಕೊಟ್ಟ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಹಲ್ಲು ಕಂದುಗಟ್ಟುವುದೆಂದು ಮೊದಲೇ ಹೇಳಿದ್ದರೆ ಎರಡು ವಾರ ಕನ್ನಡಿಯ ಮುಂದೆ ನಿಂತು ಗಾಬರಿಪಡುವುದು ತಪ್ಪುತ್ತಿತ್ತು.

ಆರು ತಿಂಗಳ ಮೇಲೆ ಅಳೆದಾಗ, 7 ಮಿ.ಮೀ. ಇದ್ದ ಒಸಡಿನ ಗುಳಿ 4ಕ್ಕೆ ಇಳಿದಿದೆ, ಕೀವು ನಿಂತಿದೆ. ಎಕ್ಸ್-ರೇಯಲ್ಲಿ ಕವಲಿನಡಿಯ ಕಪ್ಪು ತಿಳಿಯಾಗಿದ್ದರೂ, ಅದರಲ್ಲಿ ಹೊಸ ಮೂಳೆ ಎಷ್ಟು, ಅವರು ತುಂಬಿದ ಪುಡಿ ಎಷ್ಟು ಎಂಬುದು ಎಕ್ಸ್-ರೇಯಿಂದ ಗೊತ್ತಾಗುವುದಿಲ್ಲ ಎಂದು ಅವರೇ ಹೇಳಿದರು. ಇನ್ನು ದಿನವೂ ಸಂದಿ ಬ್ರಷ್ ಆಡಿಸಬೇಕು, ಮೂರು ತಿಂಗಳಿಗೊಮ್ಮೆ ಅದೇ ಸಾಲಿನಲ್ಲಿ ನಿಲ್ಲಬೇಕು.