ಹಂದಿಮಾಂಸದ ಪಾತ್ರೆಗೆ ಯಾವ ಹಣ್ಣು? ಅನಾನಸ್, ಒಣ ಪ್ಲಮ್, ಕಿತ್ತಳೆ: ಒಂದು ಹೋಲಿಕೆ

ಹಂದಿಯ ಭುಜದ ಮಾಂಸವನ್ನು ಕತ್ತರಿಸದೆ ಇಡಿಯಾಗಿ ದಪ್ಪ ತಳದ ಪಾತ್ರೆಗೆ ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಮೂರು ಗಂಟೆ ಬೇಯಿಸುವ ಪಾಟ್ ರೋಸ್ಟ್ ನಮ್ಮ ಕೊಡಗಿನ ಅಡುಗೆಯಲ್ಲ. ನಮ್ಮಲ್ಲಿ ಮಾಂಸವನ್ನು ಚರ್ಮ, ಕೊಬ್ಬು ಸಮೇತ ಸಣ್ಣ ತುಂಡುಗಳಾಗಿ ಮಾಡಿ, ಕಪ್ಪಗೆ ಹುರಿದ ಮಸಾಲೆ ಹಾಕಿ, ಇಳಿಸುವ ಮುನ್ನ ಕಾಚಂಪುಳಿ ಬಿಟ್ಟು ಪಂದಿ ಕರಿ ಮಾಡುತ್ತಾರೆ. ಆದರೂ ಎರಡು ಅಡುಗೆಗಳೂ ಒಂದೇ ಮಾತನ್ನು ನಂಬಿವೆ: ಕೊಬ್ಬಿರುವ ಮಾಂಸಕ್ಕೆ ಹಣ್ಣಿನ ಹುಳಿ ಬೇಕು. ಕಾಚಂಪುಳಿಯೂ ಹಣ್ಣಿನ ರಸವೇ. ಮಲೆನಾಡಿನವರು ಉಪ್ಪಾಗೆ ಎನ್ನುವ ಮರದ ಹಣ್ಣು ಮಳೆಗಾಲದಲ್ಲಿ ಕಳಿತು ಇಳಿಸುವ ರಸವನ್ನು ಕಪ್ಪಗೆ, ಮಂದವಾಗುವವರೆಗೆ ಕುದಿಸಿ ಅದನ್ನು ಮಾಡುತ್ತಾರೆ. ಈ ನಂಟಿನಿಂದಾಗಿಯೇ, ಪಾಟ್ ರೋಸ್ಟ್‌ನ ರಸಕ್ಕೆ ಯಾವ ಹಣ್ಣು ಚೆನ್ನಾಗಿ ಒಗ್ಗುತ್ತದೆ ಎಂಬುದನ್ನು ಊಹೆಗೆ ಬಿಡದೆ ಮಾಡಿ ನೋಡಬೇಕು ಎನಿಸಿತು. ಕಳೆದ ಚಳಿಗಾಲದಲ್ಲಿ ಆರು ಭಾನುವಾರಗಳು ಇದಕ್ಕೇ ಹೋದವು. ಅನಾನಸ್, ಒಣ ಪ್ಲಮ್, ಕಿತ್ತಳೆ ಮೂರನ್ನೂ ಎರಡೆರಡು ಸಲ ಬೇಯಿಸಿದೆ.

ಹೋಲಿಕೆ ನ್ಯಾಯವಾಗಿರಬೇಕೆಂದು ಹಣ್ಣು ಮತ್ತು ಅದನ್ನು ಹಾಕುವ ಹೊತ್ತನ್ನು ಬಿಟ್ಟು ಉಳಿದದ್ದನ್ನೆಲ್ಲ ಒಂದೇ ರೀತಿ ಇಟ್ಟುಕೊಂಡೆ. ಒಂದು ಕಿಲೋ ತೂಕದ, ಮೇಲೊಂದು ಪದರ ಕೊಬ್ಬಿರುವ ಭುಜದ ತುಂಡು, 12 ಗ್ರಾಂ ಉಪ್ಪು, ತರಿಯಾಗಿ ಕುಟ್ಟಿದ ಎರಡು ಚಮಚ ಕರಿಮೆಣಸು, ಎರಡು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಒಂದು ಲೋಟ ನೀರು. ಮೊದಲು ಮಾಂಸದ ಎಲ್ಲ ಮಗ್ಗುಲುಗಳನ್ನೂ ಅದರದೇ ಕೊಬ್ಬಿನಲ್ಲಿ ಕಾಲು ಗಂಟೆ ಕೆಂಪಗೆ ಹುರಿದು ತೆಗೆದಿಟ್ಟು, ಅದೇ ಕೊಬ್ಬಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ತಳ ಹಿಡಿದ ಕಂದು ಅಂಟನ್ನು ನೀರು ಹಾಕಿ ಕೆರೆದು, ಆಮೇಲೆ ಮಾಂಸವನ್ನು ಮತ್ತೆ ಪಾತ್ರೆಗಿಳಿಸಿದೆ. ಸೊಂಟದ ಭಾಗದ ಮೆತ್ತನೆಯ ಮಾಂಸ ಈ ಅಡುಗೆಗೆ ಹೊಂದುವುದಿಲ್ಲ. ಅದರಲ್ಲಿ ಕೊಬ್ಬೂ ನಾರೂ ಕಡಿಮೆ, ಆದ್ದರಿಂದ ಮೂರು ಗಂಟೆ ಬೆಂದರೆ ಹತ್ತಿಯಂತೆ ಒಣಗುತ್ತದೆ. ಭುಜದಲ್ಲಿರುವ ಗಟ್ಟಿ ನಾರಿನ ಕೊಲಾಜೆನ್, ಒಳಗಿನ ಬಿಸಿ 90 ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೆ ಬಂದು ಅಲ್ಲಿಯೇ ಸಾಕಷ್ಟು ಹೊತ್ತು ನಿಂತಾಗ ಕರಗಿ ಜೆಲಟಿನ್ ಆಗುತ್ತದೆ. ಮಾಂಸದ ಮೃದುತ್ವವೂ ರಸದ ತುಟಿಗಂಟುವ ಗುಣವೂ ಅಲ್ಲಿಂದಲೇ ಬರುವುದು. ಕುಕ್ಕರಿನಲ್ಲಿ ಈ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಅಲ್ಲಿ ರಸ ಬತ್ತುವುದಿಲ್ಲ. ಹಣ್ಣಿನ ರಸಕ್ಕೆ ಬತ್ತುವುದೇ ಮುಖ್ಯ.

ಅನಾನಸ್‌ನಿಂದ ಆರಂಭಿಸಿದೆ, ಮತ್ತು ಮೊದಲ ಸಲ ತಪ್ಪು ಮಾಡಿದೆ. ಹಸಿ ಅನಾನಸ್ ಮಾಂಸವನ್ನು ಮೆತ್ತಗೆ ಮಾಡುತ್ತದೆ ಎಂದು ಕೇಳಿದ್ದನ್ನು ನಂಬಿ, ರುಬ್ಬಿದ ಹಣ್ಣನ್ನು ಮಾಂಸಕ್ಕೆ ಸವರಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಬೆರಳಿನಿಂದ ಮುಟ್ಟಿದರೆ ಮೇಲ್ಪದರ ನೆನೆದ ಅವಲಕ್ಕಿಯಂತೆ ಜಾರಿ ಬಂತು. ಹುರಿಯಲು ಹಾಕಿದಾಗ ಆ ಪದರ ಕೆಂಪಾಗಲಿಲ್ಲ, ತಳಕ್ಕೆ ಅಂಟಿ ಕಿತ್ತುಕೊಂಡಿತು. ಬೆಂದ ಮೇಲೆ ಹೊರಗೆಲ್ಲ ಹಿಟ್ಟು ಹಿಟ್ಟಾಗಿ, ಅರ್ಧ ಅಂಗುಲ ಒಳಗೆ ಮಾಂಸ ಎಂದಿನಂತೆಯೇ ಇತ್ತು. ಇದಕ್ಕೆ ಕಾರಣ ಹಸಿ ಅನಾನಸ್‌ನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ. ಅದು ತಾನು ಮುಟ್ಟಿದ ಪ್ರೋಟೀನನ್ನು ಕಡಿಯುತ್ತಾ ಹೋಗುತ್ತದೆ, ಆದರೆ ಇಡೀ ತುಂಡಿನ ಒಳಕ್ಕೆ ಇಳಿಯುವುದಿಲ್ಲ. ಹಾಗಾಗಿ ಅದು ಕೊಡುವ ಮೆತ್ತನೆಯೂ ನಿಧಾನವಾಗಿ ಬೆಂದು ಬರುವ ಮೆತ್ತನೆಯೂ ಒಂದೇ ಅಲ್ಲ. ಕುದಿಸಿದರೆ ಈ ಕಿಣ್ವ ಕೆಲಸ ಕಳೆದುಕೊಳ್ಳುತ್ತದೆ. ಎರಡನೆಯ ಸಲ ಹಣ್ಣಿನ ಹೋಳುಗಳನ್ನು ಬೇರೆ ಬಾಣಲೆಯಲ್ಲಿ ಅಂಚು ಕಂದಾಗುವವರೆಗೆ ಹುರಿದು, ಮಾಂಸ ಎರಡು ಗಂಟೆ ಬೆಂದ ಮೇಲೆ ಸೇರಿಸಿದೆ. ಮಾಂಸ ಸರಿಯಾಗಿ ಬಂತು, ಬಣ್ಣವೂ ಸೊಗಸಾಗಿತ್ತು. ಆದರೂ ಅನಾನಸ್‌ನ ಪರಿಮಳ ಪಾತ್ರೆಯನ್ನೆಲ್ಲ ಆವರಿಸಿ ಮೆಣಸನ್ನೂ ಮಾಂಸದ ಸ್ವಂತ ರುಚಿಯನ್ನೂ ಹಿಂದಕ್ಕೆ ತಳ್ಳಿತು. ಬೆಂದ ಹೋಳುಗಳ ನಾರು ಹಲ್ಲಿಗೆ ಸಿಗುತ್ತಿತ್ತು. ರಸ ತೆಳುವಾಗಿಯೇ ಉಳಿಯಿತು. ಮಕ್ಕಳಿಗೆ ಹಿಡಿಸಿತು. ನನಗೆ ಮೂರನೆಯ ಸಲ ಮಾಡುವ ಮನಸ್ಸಾಗಲಿಲ್ಲ.

ಒಣ ಪ್ಲಮ್‌ನ ಬಗ್ಗೆ ನನಗೆ ಅಂಥ ನಿರೀಕ್ಷೆ ಇರಲಿಲ್ಲ. ಫ್ರಾನ್ಸಿನ ಲುವಾರ್ ನದಿಯ ತೂರ್ ಸೀಮೆಯಲ್ಲಿ ಹಂದಿಮಾಂಸವನ್ನು ಒಣ ಪ್ಲಮ್ ಜೊತೆ ಬೇಯಿಸುವುದು ಹಳೆಯ ವಾಡಿಕೆ. ಆ ದೇಶದ ನೈರುತ್ಯದಲ್ಲಿರುವ ಆಜಾನ್ ಊರು ಈ ಹಣ್ಣಿಗೇ ಹೆಸರಾದದ್ದು. ಅವರು ಪ್ಲಮ್ಮನ್ನು ಬಿಳಿ ದ್ರಾಕ್ಷಾರಸದಲ್ಲಿ ನೆನೆಸುತ್ತಾರೆ. ನಾನು ಬಿಸಿ ಕಪ್ಪು ಚಹಾದಲ್ಲಿ ಅರ್ಧ ಗಂಟೆ ನೆನೆಸಿದೆ. ಚಹಾದ ಒಗರು ಹಣ್ಣಿನ ಸಿಹಿಯನ್ನು ತಕ್ಕಮಟ್ಟಿಗೆ ಹಿಡಿದಿಡುತ್ತದೆ. ಬೀಜ ತೆಗೆದ 20 ಹಣ್ಣುಗಳಲ್ಲಿ ಎಂಟನ್ನು ಆರಂಭದಲ್ಲಿಯೇ ಹಾಕಿದೆ, ಉಳಿದ ಹನ್ನೆರಡನ್ನು ಕೊನೆಯ ಅರ್ಧ ಗಂಟೆಗೆಂದು ಉಳಿಸಿಕೊಂಡೆ. ಮೊದಲು ಹಾಕಿದವು ಪೂರ್ತಿ ಕರಗಿ ಹೋದವು. ಮುಚ್ಚಳ ತೆಗೆದು ಸೌಟಿನಿಂದ ರಸ ಎತ್ತಿ ಬಿಟ್ಟಾಗ ಅದು ನೀರಿನಂತೆ ಸುರಿಯದೆ, ಎರಡೆಳೆ ಪಾಕ ಬಂದಂತೆ ನಿಧಾನವಾಗಿ ಇಳಿಯಿತು. ಹಿಟ್ಟು ಹಾಕಿರಲಿಲ್ಲ, ತೆಂಗಿನಕಾಯಿ ರುಬ್ಬಿರಲಿಲ್ಲ. ಹಣ್ಣಿನ ಪೆಕ್ಟಿನ್ ಮತ್ತು ಮಾಂಸದ ಜೆಲಟಿನ್ ಎರಡೇ ಸೇರಿ ಆ ಹದ ಕೊಟ್ಟವು. ಗ್ರೇವಿಯ ಗಟ್ಟಿತನದ ಮಟ್ಟಿಗೆ ಮೂರರಲ್ಲಿ ಇದಕ್ಕೆ ಸಾಟಿಯಿಲ್ಲ, ಮತ್ತು ಮರುದಿನ ಬಿಸಿ ಮಾಡಿದಾಗ ರುಚಿ ಇನ್ನೂ ಹೆಚ್ಚಾಗುವುದೂ ಇದೊಂದರಲ್ಲಿಯೇ. ಇದರ ಕೊರತೆ ಹುಳಿಯದು. ನಾಲ್ಕು ತುತ್ತು ಆಗುವಷ್ಟರಲ್ಲಿ ನಾಲಿಗೆಗೆ ಸಿಹಿ ಮತ್ತು ಕೊಬ್ಬು ಎರಡೇ ಉಳಿಯುತ್ತವೆ, ಐದನೆಯದಕ್ಕೆ ಕೈ ಹಿಂಜರಿಯುತ್ತದೆ. ಎರಡನೆಯ ಭಾನುವಾರ ಹಣ್ಣನ್ನು ಹದಿನಾಲ್ಕಕ್ಕೆ ಇಳಿಸಿ ನೋಡಿದೆ; ಸಿಹಿ ಕಡಿಮೆಯಾಯಿತು, ಆದರೆ ಹುಳಿ ಎಲ್ಲಿಂದಲೂ ಬರಲಿಲ್ಲ.

ಕಿತ್ತಳೆಗೆ ಬಂದಾಗ ಮಾತ್ರ ಯಾವ ಕಿತ್ತಳೆ ಎಂಬುದೂ ಮುಖ್ಯವಾಗುತ್ತದೆ. ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ, ಆದರೆ ಕಾಫಿ ತೋಟದ ನೆರಳಿನಲ್ಲಿ ಮೆಣಸಿನ ಬಳ್ಳಿಯ ಪಕ್ಕದಲ್ಲಿ ಬೆಳೆಯುತ್ತಿದ್ದ ಆ ಗಿಡಗಳು ರೋಗಕ್ಕೆ ತುತ್ತಾಗಿ ಬಹಳ ಕಡಿಮೆಯಾಗಿವೆ. ಬೆಂಗಳೂರಿನ ಗಾಡಿಗಳಲ್ಲಿ ಸಿಗುವುದು ಹೆಚ್ಚಾಗಿ ನಾಗಪುರದ್ದು. ತಿನ್ನಲು ಅದು ಒಳ್ಳೆಯ ಹಣ್ಣು, ಪಾತ್ರೆಗೆ ತುಸು ಹೆಚ್ಚೇ ಸಿಹಿ. ನನಗೆ ಊರಿನಿಂದ ಬಂದದ್ದು ಹಸಿರು ಬೆರೆತ ಹಳದಿಯ, ತೆಳು ಸಿಪ್ಪೆಯ, ಹುಳಿಯೂ ಸಿಹಿಯೂ ಸಮನಾಗಿದ್ದ ಒಂದು ಚೀಲ ಹಣ್ಣು. ಮೊದಲ ಸಲ ಆರು ಹಣ್ಣುಗಳ ರಸವನ್ನು ನೀರಿನ ಬದಲು ಆರಂಭದಲ್ಲಿಯೇ ಹಾಕಿದೆ. ಒಂದು ಗಂಟೆಯವರೆಗೆ ಅಡುಗೆಮನೆಯೆಲ್ಲ ಘಮಘಮಿಸಿತು. ಮೂರನೆಯ ಗಂಟೆಗೆ ಘಮವೆಲ್ಲ ಆವಿಯಾಗಿ ಹೋಗಿ ಪಾತ್ರೆಯಲ್ಲಿ ಕಹಿ ಉಳಿಯಿತು. ಕಿತ್ತಳೆಯ ಬೀಜ ಮತ್ತು ತೊಳೆಯ ಪೊರೆಯಲ್ಲಿರುವ ಒಂದು ವಸ್ತು ಹುಳಿ ರಸಕ್ಕೆ ಸೇರಿದ ಮೇಲೆ ನಿಧಾನವಾಗಿ ಲಿಮೊನಿನ್ ಎಂಬ ಕಹಿ ವಸ್ತುವಾಗಿ ಮಾರ್ಪಡುತ್ತದೆ, ಬಿಸಿ ತಗಲಿದರೆ ಇನ್ನೂ ಬೇಗ. ನಾನು ಹಣ್ಣನ್ನು ತೊಳೆ ಸಮೇತ ಮಿಕ್ಸಿಗೆ ಹಾಕಿ ಸೋಸಿದ್ದೆ. ಬೀಜಗಳೂ ಅದರಲ್ಲಿ ಒಡೆದಿದ್ದವು. ಪರಿಮಳದ ಎಣ್ಣೆ ಇರುವುದು ಸಿಪ್ಪೆಯಲ್ಲಿ, ಅದನ್ನು ನಾನು ಎಸೆದಿದ್ದೆ.

ಮುಂದಿನ ಭಾನುವಾರ ಕ್ರಮವನ್ನೇ ತಿರುಗಿಸಿದೆ. ಮಾಂಸವನ್ನು ನೀರಿನಲ್ಲಿಯೇ ಎರಡೂವರೆ ಗಂಟೆ ಬೇಯಿಸಿ ಹೊರತೆಗೆದು, ರಸದ ಮೇಲೆ ತೇಲುವ ಕೊಬ್ಬನ್ನು ಸೌಟಿನಿಂದ ಎತ್ತಿ ಹಾಕಿ, ಕೈಯಲ್ಲಿ ಹಿಂಡಿ ಬೀಜ ಸೋಸಿದ ಕಿತ್ತಳೆ ರಸವನ್ನು ಆಗ ಬೆರೆಸಿ, ಮುಚ್ಚಳವಿಲ್ಲದೆ ಅರ್ಧಕ್ಕೆ ಇಳಿಯುವವರೆಗೆ ಕುದಿಸಿದೆ. ಈ ಹಂತದಲ್ಲಿ ಪಾತ್ರೆ ಬಿಟ್ಟು ಕದಲಬಾರದು, ಏಕೆಂದರೆ ರಸ ಮಂದವಾಗುತ್ತಾ ಬಂದಂತೆ ಅದರ ಸಕ್ಕರೆ ಎರಡೇ ನಿಮಿಷದಲ್ಲಿ ತಳ ಹಿಡಿಯುತ್ತದೆ. ಮಾಂಸವನ್ನು ಮತ್ತೆ ಇಳಿಸಿ ರಸದಲ್ಲಿ ಹೊರಳಿಸಿ, ಒಲೆ ಆರಿಸಿದ ಮೇಲೆ ಬಿಳಿ ಭಾಗ ತಾಗದಂತೆ ಹೆರೆದ ಒಂದು ಚಮಚ ಸಿಪ್ಪೆಯ ತುರಿ ಉದುರಿಸಿದೆ. ತುರಿ ಬಿಸಿ ಕೊಬ್ಬಿಗೆ ತಾಗಿದೊಡನೆ ಎದ್ದ ವಾಸನೆ, ಊರಿನ ಅಂಗಳದಲ್ಲಿ ಹಣ್ಣು ಸುಲಿಯುವಾಗ ಬೆರಳಿಗೆ ಹತ್ತುವ ವಾಸನೆಯೇ. ಇಲ್ಲಿ ಕರಿಮೆಣಸು ಹಿಂದೆ ಸರಿಯಲಿಲ್ಲ, ಇನ್ನಷ್ಟು ಚುರುಕಾಯಿತು. ಒಂದೇ ತೋಟದಲ್ಲಿ ಬೆಳೆದ ಇವೆರಡೂ ಒಂದೇ ಪಾತ್ರೆಯಲ್ಲಿ ಇಷ್ಟು ಹೊಂದುವುದು ನನಗೆ ನಿಜಕ್ಕೂ ಸಂತೋಷ ಕೊಟ್ಟಿತು. ಪ್ಲಮ್‌ನಷ್ಟು ಗಟ್ಟಿ ಗ್ರೇವಿ ಇದರಲ್ಲಿ ಬರುವುದಿಲ್ಲ, ಮರುದಿನಕ್ಕೆ ಪರಿಮಳವೂ ಅಷ್ಟಾಗಿ ಉಳಿಯುವುದಿಲ್ಲ. ಆದರೆ ತುತ್ತಿನ ಮೇಲೆ ತುತ್ತು ತಿಂದರೂ ನಾಲಿಗೆ ಬೇಸರಪಡುವುದಿಲ್ಲ. ಕೊಬ್ಬಿನ ಮಾಂಸದ ಅಡುಗೆಯಲ್ಲಿ ನಾನು ನೋಡುವುದು ಮೊದಲು ಅದನ್ನೇ.

ಸೇಬನ್ನೂ ಒಮ್ಮೆ ಹಾಕಿ ನೋಡಿದ್ದೆ, ಈ ಆರು ಭಾನುವಾರಗಳ ಲೆಕ್ಕದ ಹೊರಗೆ. ಫ್ರಾನ್ಸಿನ ನಾರ್ಮಂಡಿಯವರಿಗೆ ಅದು ಮನೆಯ ಹಣ್ಣು, ಅವರಲ್ಲಿ ಹುಳಿ ಸೇಬು ಸಿಗುತ್ತದೆ; ನಮ್ಮ ಪೇಟೆಯ ಸಿಹಿ ಸೇಬು ಗಂಜಿಯಂತೆ ಕರಗಿ, ರುಚಿಯ ಗುರುತನ್ನೇ ಬಿಡಲಿಲ್ಲ.

ಕೊನೆಗೆ ಇನ್ನೊಂದು ಪ್ರಯೋಗವೂ ಆಯಿತು. ಪ್ಲಮ್ ಹಾಕಿದ ಗ್ರೇವಿಯ ಅರ್ಧವನ್ನು ಬೇರೆ ಬಟ್ಟಲಿಗೆ ತೆಗೆದು ಅರ್ಧ ಚಮಚ ಕಾಚಂಪುಳಿ ಬೆರೆಸಿದೆ. ಪಂದಿ ಕರಿಗೆ ಪುಳಿಯನ್ನು ಯಾವಾಗಲೂ ಇಳಿಸುವ ಹೊತ್ತಿಗೇ ಬಿಡಬೇಕೆಂದು ಅವ್ವ ಹೇಳುತ್ತಿದ್ದುದು ನೆನಪಿದ್ದುದರಿಂದ ಇಲ್ಲಿಯೂ ಹಾಗೆಯೇ ಮಾಡಿದೆ. ಐದನೆಯ ತುತ್ತಿಗೆ ಅಡ್ಡಬರುತ್ತಿದ್ದ ಆ ಭಾರ ಇಳಿದುಹೋಯಿತು; ಸಿಹಿಯ ಹಿಂದೆ ಹೊಗೆಯ ನೆನಪು ತರುವ ಗಾಢ ಹುಳಿಯೊಂದು ಬಂದು ನಿಂತಿತು. ಅನಾನಸ್‌ಗೆ ಇದನ್ನು ಹಾಕಿದಾಗ ಎರಡು ಹುಳಿಗಳು ಒಂದಕ್ಕೊಂದು ಹೊಂದದೆ ನಾಲಿಗೆ ಚುರುಗುಟ್ಟಿತು. ಕಿತ್ತಳೆಗೆ ಅದು ಬೇಕಾಗಲೇ ಇಲ್ಲ.

ಹಾಗಾಗಿ ಈಗ ನಮ್ಮ ಮನೆಯಲ್ಲಿ ಊರಿನ ಕಿತ್ತಳೆ ಇರುವ ತಿಂಗಳುಗಳಲ್ಲಿ ಕಿತ್ತಳೆ, ಅದಿಲ್ಲದಾಗ ಒಣ ಪ್ಲಮ್ ಮತ್ತು ಕಾಚಂಪುಳಿ ಎಂದಾಗಿದೆ. ನೆಂಟರು ಬರುವ ಹಿಂದಿನ ದಿನವೇ ಬೇಯಿಸಿಡಬೇಕಾದರೆ ಕಾಲ ಯಾವುದಿದ್ದರೂ ಪ್ಲಮ್ಮೇ ಸರಿ. ಆದರೆ ಕಾಚಂಪುಳಿಯನ್ನು ಆ ದಿನ ಹಾಕದೆ, ಮರುದಿನ ಬಿಸಿ ಮಾಡಿ ಒಲೆಯಿಂದ ಇಳಿಸುವಾಗ ಬಿಡಬೇಕು. ಪಕ್ಕದಲ್ಲಿ ಬ್ರೆಡ್ ಇಟ್ಟರೆ ಆಗುತ್ತದೆ, ಕಡಂಬುಟ್ಟು ಇದ್ದರೆ ಇನ್ನೂ ಒಳ್ಳೆಯದು: ಅಕ್ಕಿತರಿಯ ಆ ಉಂಡೆಯನ್ನು ಬಿಸಿಯಿರುವಾಗಲೇ ಮುರಿದು ರಸದಲ್ಲಿ ಅದ್ದಿದರೆ, ತಟ್ಟೆಯಲ್ಲಿ ಒಂದು ತೊಟ್ಟೂ ಉಳಿಯುವುದಿಲ್ಲ.