ಸೀಡಮ್ ಎಂದು ನಂಬಿಸಿ ಟೇಬಲ್ ರೋಸ್ ಕಳುಹಿಸುತ್ತಾರೆ, ಎಚ್ಚರ

ಹುಲ್ಲುಹಾಸಿನ ಬದಲು ಸೀಡಮ್ ಬೆಳೆಸಲು ಹೊರಟವರು ದಯವಿಟ್ಟು ಇದನ್ನು ಓದಿದ ಮೇಲೆಯೇ ಹಣ ಪಾವತಿಸಿ. ನೆಲಕ್ಕಂಟಿಕೊಂಡು ಹಬ್ಬುವ, ವರ್ಷವಿಡೀ ಹಸಿರಾಗಿರುವ, ಬೇರೂರಿದ ಮೇಲೆ ನೀರಿಗಾಗಿ ಕಾಡದ ಬಹುವಾರ್ಷಿಕ (ಒಮ್ಮೆ ನೆಟ್ಟರೆ ಅದೇ ಗಿಡ ಹಲವು ವರ್ಷ ಬದುಕುವ) ಗಿಡವೇ ಬೇಕೆಂದು ತಿಳಿಸಿ, ‘ಸೀಡಮ್ ಆಕ್ರೆ’ ಎಂದು ಹೆಸರನ್ನೂ ಬರೆದು ಕೊಟ್ಟು, ಪೂರ್ತಿ ಹಣವನ್ನು ಮುಂಗಡವಾಗಿ ಕಳುಹಿಸಿದ ನನಗೆ ಬಂದದ್ದು ಪೋರ್ಚುಲಾಕ, ಅಂದರೆ ಎಲ್ಲರಿಗೂ ಗೊತ್ತಿರುವ ಟೇಬಲ್ ರೋಸ್!

ಸಸಿ ಎಳೆಯದಾಗಿದ್ದಾಗ ಎರಡರ ಎಲೆಯೂ ನೀರು ತುಂಬಿದಂತೆ ದಪ್ಪಗಿರುತ್ತದೆ. ಮಾರುವವರಿಗೆ ಅದೇ ಅನುಕೂಲ. ಮಣ್ಣಿಗೆ ಮರಳು, ಸಣ್ಣ ಜಲ್ಲಿ ಬೆರೆಸಿ, ನೀರು ನಿಲ್ಲದಂತೆ ಪಾತಿ ಏರಿಸಿ, ಒಂದೊಂದನ್ನೂ ಗೇಣು ಅಂತರದಲ್ಲಿ ನೆಟ್ಟೆ. ಮೊಗ್ಗು ಬಿರಿದ ದಿನ ನಾನು ಮೋಸಹೋದದ್ದು ತಿಳಿಯಿತು. ಸೀಡಮ್ ಆಕ್ರೆಯದು ಐದೆಸಳಿನ, ನಕ್ಷತ್ರದಾಕಾರದ ಪುಟ್ಟ ಹಳದಿ ಹೂವು. ನನ್ನ ಪಾತಿಯಲ್ಲಿ ಅರಳಿದ್ದು ದೊಡ್ಡ ಕಡುಗುಲಾಬಿ ಹೂವು. ಬಗ್ಗಿ ನೋಡಿದರೆ, ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ಬಿಳಿ ಕೂದಲಿನ ಕುಚ್ಚು! ಸೀಡಮ್‌ನಲ್ಲಿ ಅದು ಇರುವುದೇ ಇಲ್ಲ. ಇನ್ನು ಈ ಜಾಗ ಎಂದೂ ಬರಡಾಗದು ಎಂದು ನೆರೆಯವರ ಮುಂದೆಲ್ಲ ಹೇಳಿಕೊಂಡಿದ್ದ ನನಗೆ, ಅವರು ಬಂದು ‘ಟೇಬಲ್ ರೋಸ್ ಚೆನ್ನಾಗಿದೆ’ ಎಂದಾಗ ಮುಖ ಎತ್ತಲಾಗಲಿಲ್ಲ.

ಮಾರಿದವರ ಉತ್ತರಗಳನ್ನು ಕೇಳಿ. ಮೊದಲು, ‘ಎರಡೂ ಒಂದೇ ಜಾತಿ ಸರ್’ ಎಂದರು. ಒಂದೇ ಜಾತಿಯಂತೆ! ಕುಟುಂಬವೇ ಬೇರೆ ಎಂದಾಗ, ‘ನಿಮ್ಮ ಮಣ್ಣಿಗೆ ಬಣ್ಣ ಬದಲಾಗಿರಬಹುದು’ ಎಂದರು. ಹೂವು ಮುಗಿದು, ಮುಚ್ಚಳ ಕಳಚಿದ ಬೀಜಕೋಶಗಳಿಂದ ಬೂದು ಬಣ್ಣದ ಬೀಜ ಉದುರಿ, ಗಿಡಗಳು ಬುಡಸಮೇತ ಒಣಗಿದಾಗ, ‘ನೀರು ಕಡಿಮೆಯಾಗಿದೆ’ ಎಂಬ ಉತ್ತರ ಬಂತು. ನೀರೇ ಬೇಡದ ಗಿಡವೆಂದು ಹೊಗಳಿ ಮಾರಿದವರು ಇವರೇ. ಹಣ ವಾಪಸು ಕೇಳಿದ್ದಕ್ಕೆ ಕೊನೆಯದಾಗಿ, ‘ಬೀಜ ಬಿದ್ದಿದೆಯಲ್ಲ, ಮತ್ತೆ ಹುಟ್ಟುತ್ತದೆ, ಬಹುವಾರ್ಷಿಕ ಎಂದರೆ ಅದೇ’ ಎಂದು ಬರೆದು ಸುಮ್ಮನಾದರು.

ಆದ್ದರಿಂದ ಹೂಬಿಟ್ಟ ತಾಯಿಗಿಡದ ಚಿತ್ರವನ್ನೂ ಎಲೆಯ ಬುಡದ ಹತ್ತಿರದ ಚಿತ್ರವನ್ನೂ ಮೊದಲೇ ತರಿಸಿಕೊಳ್ಳಿ. ಕೊಡಲು ತಡವರಿಸುವವರ ಬಳಿ ಕೊಳ್ಳಲೇಬೇಡಿ. ಪರಿಚಿತರ ತೋಟದಲ್ಲಿ ಸೀಡಮ್ ಇದ್ದರೆ ನಾಲ್ಕು ತುಂಡು ಕೇಳಿ ತನ್ನಿ, ಕಾಂಡದ ಚೂರು ಮಣ್ಣಿಗೆ ತಾಗಿದರೂ ಬೇರು ಬಿಡುವ ಗಿಡವದು, ಇಂಥವರಿಗೆ ಹಣ ಸುರಿಯುವ ಅಗತ್ಯವೇ ಇಲ್ಲ.